ಇವತ್ತೊಂದೇ ದಿನ ಪುಕ್ಕಟೆ ಬ್ಯಾಕಪ್ ಸಾಫ್ಟ್‌ವೇರ್: ಈಗಲೇ ಹಾಕ್ಲೋ, ವಿಂಡೋಸ್ ಬದಲಿಸಿದ ಮ್ಯಾಲ ಹಾಕ್ಲೋ?

ತೊಗರಿಬ್ಯಾಳಿ, ಕಲಬುರಗಿ

ನಮಸ್ಕಾರ್ರೀ. ಎರಡು ಮಷಿನ್ ಅವ.

ಮೊದಲನೇದು ಅಂಗಡಿದು. ಝೆರಾಕ್ಸ್, ಡಿಟಿಪಿ, ಆನ್‌ಲೈನ್ ಅರ್ಜಿ ಕೆಲಸಕ್ಕ. ಇಂಟೆಲ್ ಐ5-4460, ಎಚ್81 ಬೋರ್ಡ್, 8 ಜಿಬಿ ರ್‍ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ಅದರಾಗ 180 ಜಿಬಿ ತುಂಬ್ಯಾದ. ವಿಂಡೋಸ್ 10 ಪ್ರೊ 22ಎಚ್2, ಆದ್ರ 32 ಬಿಟ್. ಸಿಸ್ಟಂ ಮಾಹಿತಿಯೊಳಗ 8 ಜಿಬಿ ಅಂತ ತೋರಿಸಿ, ಪಕ್ಕದಾಗ ಕಂಸದೊಳಗ 3.41 ಜಿಬಿ ಯೂಸಬಲ್ ಅಂತದ. ಪ್ರಿಂಟರ್ ಕ್ಯಾನನ್ ಎಲ್‌ಬಿಪಿ 2900. 240 ಜಿಬಿ ಸಾಟಾ ಎಸ್‌ಎಸ್‌ಡಿ ತಂದಿಟ್ಟದ್ದದ, ಇನ್ನೂ ಜೋಡಿಸಿಲ್ಲ.

ಎರಡನೇದು ಮನಿ ಲ್ಯಾಪ್‌ಟಾಪ್. ಐ5-8250ಯು, 8 ಜಿಬಿ, 256 ಜಿಬಿ ಎಸ್‌ಎಸ್‌ಡಿ, ವಿಂಡೋಸ್ 10 ಹೋಮ್ ಸಿಂಗಲ್ ಲ್ಯಾಂಗ್ವೇಜ್, 64 ಬಿಟ್. ಪಿಸಿ ಹೆಲ್ತ್ ಚೆಕ್ ಹಾಕಿದ್ರ ವಿಂಡೋಸ್ 11 ನಡಿಯಂಗಿಲ್ಲ ಅಂತದ.

ಈಗ ಒಂದು ಬ್ಯಾಕಪ್ ಮತ್ತು ಡಿಸ್ಕ್ ಕ್ಲೋನ್ ಸಾಫ್ಟ್‌ವೇರ್ ಗಿವ್‌ಅವೇ ನಡದದ, ಲೈಫ್‌ಟೈಮ್ ಲೈಸೆನ್ಸ್ ಅಂತ. ಪೆಸಿಫಿಕ್ ಸಮಯ ಮಧ್ಯರಾತ್ರಿಗೆ ಮುಗೀತದ. ಈಗಲೇ ಎರಡಕ್ಕೂ ಹಾಕ್ಲಾ, ಇಲ್ಲಾ ಪೈಲೆ ವಿಂಡೋಸ್ ಬದಲಿಸ್ಲಾ? ಬದಲಿಸೋದಾದ್ರ ಯಾವುದಕ್ಕ ಯಾವುದು?


ಕರಿಕೋಟೆ, ಬೀದರ್

ಪೈಲೆ ಅಂಗಡಿ ಮಷಿನ್ ಮಾತು ಮುಗಿಸಿಬಿಡ್ತೀನಿ. ಅದಕ್ಕ ಈ ಸಾಫ್ಟ್‌ವೇರೇ ಬ್ಯಾಡ. 32 ಬಿಟ್ ವಿಂಡೋಸ್ ಮ್ಯಾಲ 64 ಬಿಟ್ ಅಪ್‌ಗ್ರೇಡ್ ಆಗಂಗಿಲ್ಲ, ಖಾಲಿ ಡಿಸ್ಕಿಗೆ ಹೊಸದಾಗೇ ಹಾಕಬೇಕು. ಹೊಸದಾಗೇ ಹಾಕೋದಿದ್ದ ಮ್ಯಾಲ ಹಳೇದನ್ನ ಎಸ್‌ಎಸ್‌ಡಿಗೆ ಕ್ಲೋನ್ ಮಾಡಿ ಏನ್ ಮಾಡ್ತೀರಿ? ಕ್ಲೋನ್ ಅಂದ್ರ ಇದ್ದದ್ದನ್ನ ಇದ್ದಂಗೇ ಎತ್ತಿಡೋದು, 3.41 ಜಿಬಿ ಬ್ಯಾನಿ ಸೈತ. ಹಾರ್ಡ್ ಡಿಸ್ಕ್ ಕೇಬಲ್ ಬಿಚ್ಚಿ ಬದಿಗಿಡ್ರಿ, ಎಸ್‌ಎಸ್‌ಡಿಗೆ 64 ಬಿಟ್ ಹಾಕ್ರಿ, ಎಲ್ಲಾ ನಡೀತು ಅಂತ ಖಾತ್ರಿ ಆದಮ್ಯಾಲ ಹಾರ್ಡ್ ಡಿಸ್ಕ್ ಮತ್ತ ಜೋಡಿಸಿ ಫೈಲ್ ಎಳಕೊಳ್ರಿ. ಕೇಬಲ್ ಬಿಚ್ಚೋದು ಮರೀಬ್ಯಾಡ್ರಿ. ಎರಡೂ ಡಿಸ್ಕ್ ಇದ್ರ ಸೆಟಪ್ ಬೂಟ್ ಫೈಲ್‌ಗಳನ್ನ ಹಳೇ ಡಿಸ್ಕಿನ್ಯಾಗ ಇಟ್ಟುಬಿಡ್ತದ, ಮುಂದ ಅದನ್ನ ತಗದ ದಿನ ಎಸ್‌ಎಸ್‌ಡಿಯೂ ಬೂಟ್ ಆಗಂಗಿಲ್ಲ. ಎಚ್81ರಾಗ ಸಾಟಾ ಪೋರ್ಟ್ ನಾಲ್ಕದಾವ, ಅದರಾಗ ಎರಡೇ 6 ಜಿಬಿಪಿಎಸ್. ಬೋರ್ಡ್ ಮ್ಯಾಲ ಬರದದ್ದು ನೋಡಿ ಎಸ್‌ಎಸ್‌ಡಿಯನ್ನ ಅದಕ್ಕೇ ಹಾಕ್ರಿ.

ಇನ್ನೊಂದು ಕಾರಣನೂ ಅದ. ಇಂಥಾ ಗಿವ್‌ಅವೇ ಪುಟದ ಕೆಳಗ ಸಣ್ಣ ಅಕ್ಷರದಾಗ ‘ವೈಯಕ್ತಿಕ ಬಳಕೆಗೆ ಮಾತ್ರ’ ಅಂತ ಇರೋದೇ ಹೆಚ್ಚು. ರೊಕ್ಕ ದುಡಿಯೋ ಅಂಗಡಿ ಮಷಿನ್ ಅದರಾಗ ಬರಂಗಿಲ್ಲ.

ಲೈಫ್‌ಟೈಮ್ ಅಂದ್ರ ನಿಮ್ಮ ಲೈಫ್‌ಟೈಮ್ ಅಲ್ರೀ, ಆ ಆವೃತ್ತಿದು. ಮುಂದಿನ ಅಪ್‌ಡೇಟ್ ಇಲ್ಲ, ಸಪೋರ್ಟ್ ಇಲ್ಲ. ಹಾಕಿದ ತಕ್ಷಣ ಸೆಟ್ಟಿಂಗ್‌ನಾಗ ಆಟೋ ಅಪ್‌ಡೇಟ್ ಆಫ್ ಮಾಡ್ರಿ. ಗೊತ್ತಿಲ್ಲದೆ ಅಪ್‌ಡೇಟ್ ಒತ್ತಿದ್ರ ಹೊಸ ಆವೃತ್ತಿ ಹಳೇ ಕೀ ಒಪ್ಪದೆ ಟ್ರಯಲ್ ಆಗಿ ಕುಂದರ್ತದ.

ಕೊಡೋ ರೀತಿ ಮೂರು ನಮೂನಿ. ಎಲ್ಲರಿಗೂ ಒಂದೇ ಕೀ ಪುಟದ ಮ್ಯಾಲೇ ಹಾಕಿರ್ತಾರ, ಅಥವಾ ಇಮೇಲ್ ಕೊಟ್ರ ನಿಮಗಂತ ಬ್ಯಾರೆ ಕೀ ಕಳಿಸ್ತಾರ. ಇವೆರಡರಾಗ ‘ಇಂಥಾ ತಾರೀಖಿನೊಳಗ ಆಕ್ಟಿವೇಟ್ ಮಾಡ್ರಿ’ ಅಂತ ಒಂದು ಸಾಲು ಇರ್ತದ, ಅದೇ ಮುಖ್ಯ. ಇಮೇಲ್ ಕೀ ಬರಲಿಲ್ಲಂದ್ರ ಸ್ಪ್ಯಾಮ್, ಪ್ರೊಮೋಶನ್ಸ್ ಎರಡೂ ನೋಡ್ರಿ. ಮೂರನೇದು ತ್ರಾಸಿಂದು: ಕೀ ಇರಂಗಿಲ್ಲ, ಸೆಟಪ್ ಫೈಲೇ ಇನ್‌ಸ್ಟಾಲ್ ಹೊತ್ತಿನ್ಯಾಗ ಸರ್ವರ್ ಕೇಳ್ತದ, 24 ತಾಸು ದಾಟಿದ್ರ ಬಾಗಿಲ ಬಂದ್. ಆ ಫೈಲ್ ಪೆನ್‌ಡ್ರೈವ್‌ನಾಗ ಕಾಯ್ದಿಟ್ರೂ ಉಪಯೋಗಿಲ್ಲ. ವಿಂಡೋಸ್ ಮತ್ತ ಹಾಕಿದ ದಿನ ಅದು ಹೋದಂಗೇ. ನಿಮ್ಮದು ಯಾವ ನಮೂನಿ ನೋಡ್ರಿ. ಪೆಸಿಫಿಕ್ ಮಧ್ಯರಾತ್ರಿ ಅಂದ್ರ ನಮ್ಮ ಮಧ್ಯಾಹ್ನ 12.30, ಅಲ್ಲಿ ಚಳಿಗಾಲ ಇದ್ರ 1.30. ರಾತ್ರಿ 12ರ ತನಕ ಟೈಮದ ಅಂತ ಕುಂತು ಕಳಕೊಳ್ಳೋರೇ ಭಾಳ.

ಲ್ಯಾಪ್‌ಟಾಪಿಗೆ ಬೇಕಂದ್ರ ಹಾಕ್ರಿ. ರನ್ ಡಬ್ಬಿಯೊಳಗ ‘ಟಿಪಿಎಂ.ಎಂಎಸ್‌ಸಿ’ ಮತ್ತು ‘ಎಂಎಸ್‌ಇನ್‌ಫೋ32’ ಹಾಕಿ (ಇಂಗ್ಲಿಷ್ ಅಕ್ಷರದಾಗೇ ರೀ) ಏನು ತೋರಿಸ್ತದ ಹೇಳ್ರಿ. ಸೆಟಪ್ ಓಡಿಸೋಕಿಂತ ಮೊದಲ ಫೈಲ್ ಮ್ಯಾಲ ರೈಟ್ ಕ್ಲಿಕ್, ಪ್ರಾಪರ್ಟೀಸ್, ಡಿಜಿಟಲ್ ಸಿಗ್ನೇಚರ್ಸ್ ಟ್ಯಾಬ್‌ನಾಗ ಕಂಪನಿ ಹೆಸರು ಅದನೋ ಇಲ್ಲೋ ನೋಡ್ರಿ. ಇನ್‌ಸ್ಟಾಲ್ ಹೊತ್ತಿನ್ಯಾಗ ಕಸ್ಟಮ್ ಆರಿಸಿ, ಜೊತಿಗೆ ಬರೋ ಬ್ರೌಸರ್, ‘ಪಿಸಿ ಕ್ಲೀನರ್’ ಟಿಕ್ ಎಲ್ಲಾ ತಗೀರಿ.


ಭೀಮಾದಂಡಿ, ಯಾದಗಿರಿ

ವಿಂಡೋಸ್ ಆಯ್ಕೆ ಬಗ್ಗೆ ನಾನು ಹೇಳುತ್ತೇನೆ.

ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆಮೇಲೆ ಭದ್ರತಾ ಅಪ್‌ಡೇಟ್ ಬೇಕಾದರೆ ಇಎಸ್‌ಯು ಎಂಬ ಮೈಕ್ರೋಸಾಫ್ಟ್‌ನ ವಿಸ್ತರಿತ ಭದ್ರತಾ ಅಪ್‌ಡೇಟ್ ಯೋಜನೆಗೆ ಸೇರಬೇಕು. ಅದು ಮನೆಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ. 22ಎಚ್2 ಇದ್ದು, ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆಗಿ, ಸೆಟ್ಟಿಂಗ್ಸ್ ಸಿಂಕ್ ಆನ್ ಮಾಡಿದರೆ ಪುಕ್ಕಟೆ. ಸಿಂಕ್ ಬೇಡವೆಂದರೆ 1000 ರಿವಾರ್ಡ್ಸ್ ಪಾಯಿಂಟ್ ಅಥವಾ 30 ಡಾಲರ್. ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ‘ಎನ್‌ರೋಲ್’ ಎಂದು ಬರುತ್ತದೆ. ಒಂದೇ ಲೈಸೆನ್ಸ್ ಅದೇ ಅಕೌಂಟಿನ 10 ಮಷಿನ್‌ವರೆಗೆ ನಡೆಯುತ್ತದೆ.

ಲ್ಯಾಪ್‌ಟಾಪಿಗೆ ಯೋಚನೆಯೇ ಬೇಡ, ವಿಂಡೋಸ್ 11. ಐ5-8250ಯು ಎಂಟನೇ ತಲೆಮಾರಿನದು, ಅಧಿಕೃತ ಪಟ್ಟಿಯಲ್ಲಿದೆ. ಹೆಲ್ತ್ ಚೆಕ್ ಬೇಡವೆನ್ನುತ್ತಿದ್ದರೆ ಟಿಪಿಎಂ (ವಿಂಡೋಸ್ 11 ಕೇಳುವ ಭದ್ರತಾ ಭಾಗ) ಆಫ್ ಇರಬೇಕು ಅಥವಾ ಯಾರೋ ಲೆಗಸಿ ಮೋಡ್‌ನಲ್ಲಿ, ಅಂದರೆ ಹಳೇ ಬಗೆಯ ಬೂಟ್‌ನಲ್ಲಿ, ವಿಂಡೋಸ್ ಹಾಕಿರಬೇಕು, ಪ್ರೊಸೆಸರ್‌ನ ತಪ್ಪಲ್ಲ. ಸಿಂಗಲ್ ಲ್ಯಾಂಗ್ವೇಜ್ ಎಂದು ಹೆದರಬೇಡಿ. ಮೆನುಗಳ ಭಾಷೆಗಷ್ಟೇ ಆ ಕಟ್ಟು, ಕನ್ನಡ ಕೀಬೋರ್ಡ್ ಎಷ್ಟಾದರೂ ಸೇರಿಸಬಹುದು.

ಅಂಗಡಿ ಮಷಿನ್ನಿನ 4460 ನಾಲ್ಕನೇ ತಲೆಮಾರು, ವಿಂಡೋಸ್ 11 ಪಟ್ಟಿಯಿಂದ ಹೊರಗೆ. ಅದಕ್ಕೆ ವಿಂಡೋಸ್ 10 ಪ್ರೊ 64 ಬಿಟ್ ಮತ್ತು ಇಎಸ್‌ಯು. ಮೀಡಿಯಾ ಕ್ರಿಯೇಷನ್ ಟೂಲ್‌ನಲ್ಲಿ 64 ಬಿಟ್ ಆರಿಸಿ 8 ಜಿಬಿ ಪೆನ್‌ಡ್ರೈವ್ ತಯಾರಿಸಿ. ಸೆಟಪ್ ಕೀ ಕೇಳಿದಾಗ ‘ನನ್ನ ಬಳಿ ಕೀ ಇಲ್ಲ’ ಒತ್ತಿ ಪ್ರೊ ಆರಿಸಿ. ಡಿಜಿಟಲ್ ಲೈಸೆನ್ಸ್ ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತದೆ, 32 ಅಥವಾ 64 ಎಂದು ಭೇದ ಮಾಡುವುದಿಲ್ಲ. ಹೋಮ್ ಆರಿಸಿದರೆ ಮಾತ್ರ ಆಕ್ಟಿವೇಟ್ ಆಗದು. ಹಳೆಯದನ್ನು ತೆಗೆಯುವ ಮುಂಚೆ ‘ಎಸ್‌ಎಲ್‌ಎಂಜಿಆರ್ /ಡಿಎಲ್‌ಐ’ ಓಡಿಸಿ ನೋಡಿ. ಚಾನೆಲ್ ರಿಟೇಲ್ ಅಥವಾ ಓಇಎಂ ಅಂದರೆ ಸರಿ. ಅಂಗಡಿ ಮಷಿನ್‌ನಲ್ಲಿ ‘ವಾಲ್ಯೂಮ್_ಕೆಎಂಎಸ್‌ಕ್ಲೈಂಟ್’ ಎಂದು ಬಂದರೆ ಅದು ಕ್ರ್ಯಾಕ್‌ನಿಂದ ಆಕ್ಟಿವೇಟ್ ಆಗಿರುವ ಸಂಭವವೇ ಹೆಚ್ಚು, ಹೊಸದಾಗಿ ಹಾಕಿದಾಗ ಆ ಆಕ್ಟಿವೇಷನ್ ಬರುವುದಿಲ್ಲ.

32 ಬಿಟ್ ಡ್ರೈವರ್ 64ರಲ್ಲಿ ನಡೆಯದು. ಎಲ್‌ಬಿಪಿ 2900ಕ್ಕೆ 64 ಬಿಟ್ ಡ್ರೈವರ್ ಬೇರೆ ಇದೆ. ಯುಎಸ್‌ಬಿ ಕೇಬಲ್ ಮೊದಲೇ ಚುಚ್ಚಬೇಡಿ, ಸೆಟಪ್ ಕೇಳಿದಾಗ ಚುಚ್ಚಿ ಪ್ರಿಂಟರ್ ಆನ್ ಮಾಡಿ. ದಾಲ್ ಮಿಲ್‌ಗಳಲ್ಲಿ ಇನ್ನೂ ಓಡುವಂಥ ಡಾಸ್ ಕಾಲದ 16 ಬಿಟ್ ಲೆಕ್ಕದ ಪ್ರೋಗ್ರಾಂ ಇದ್ದರೆ ಅದು 64 ಬಿಟ್‌ನಲ್ಲಿ ತೆರೆಯುವುದೇ ಇಲ್ಲ. ಡಾಸ್ ಪ್ರೋಗ್ರಾಂ ಓಡಿಸುವ ಡಾಸ್‌ಬಾಕ್ಸ್ ಬೇಕಾಗುತ್ತದೆ.


ಪರ್ಸಿಕಲ್ಲು, ಶಹಾಬಾದ್

ಅಂಗಡಿ ಮಷಿನ್‌ಗೂ 11 ಹಾಕಬಹುದಲ್ರೀ. ರೂಫಸ್ ಅನ್ನೋ ಬೂಟ್ ಪೆನ್‌ಡ್ರೈವ್ ಮಾಡೋ ಸಾಫ್ಟ್‌ವೇರ್‌ನಾಗ ಪೆನ್‌ಡ್ರೈವ್ ಮಾಡುವಾಗ ಟಿಪಿಎಂ, ಸೆಕ್ಯೂರ್ ಬೂಟ್ ತಪಾಸಣಿ ತಗದುಬಿಡೋ ಟಿಕ್ ಅದ. ವಿಂಡೋಸ್ 11ರ 24ಎಚ್2 ಆವೃತ್ತಿ ಪ್ರೊಸೆಸರ್‌ನಾಗ ಕೇಳೋ ಪಾಪ್‌ಕೌಂಟ್, ಎಸ್‌ಎಸ್‌ಇ 4.2 ಅನ್ನೋ ಸೌಲಭ್ಯ ಎರಡೂ ನಾಲ್ಕನೇ ತಲೆಮಾರಿನ್ಯಾಗ ಅವ. ಕೋರ್ 2 ಡ್ಯುಯೋ ಆಗಿದ್ರ ಬೂಟೇ ಆಗ್ತಿದ್ದಿಲ್ಲ, ಆ ಮಾತು ಬ್ಯಾರೆ.


ಭೀಮಾದಂಡಿ, ಯಾದಗಿರಿ

ಹಾಕಬಹುದು ಸರ್, ಓಡುತ್ತದೆ ಕೂಡ. ಆದರೆ ವರ್ಷಕ್ಕೊಮ್ಮೆ ಬರುವ ದೊಡ್ಡ ಆವೃತ್ತಿ ಅದಕ್ಕೆ ತಾನಾಗಿ ಬರುವುದಿಲ್ಲ, ಪ್ರತಿ ಸಲ ಐಎಸ್‌ಒ ಇಳಿಸಿ ಕೈಯಿಂದ ಏರಿಸಬೇಕು. ಅಪ್‌ಡೇಟ್‌ಗೆ ಮೈಕ್ರೋಸಾಫ್ಟ್ ಖಾತ್ರಿ ಕೊಡುವುದಿಲ್ಲ. ಕೈಯಿಂದ ಮಾಡಿಕೊಳ್ಳುವವರ ಮನೆ ಮಷಿನ್‌ಗೆ ಸರಿ. ಅರ್ಜಿ ತುಂಬುವ ಕೊನೇ ದಿನ ಬಾಗಿಲ ಮುಂದೆ ಜನ ನಿಂತಿರುವ ಅಂಗಡಿಗೆ ನಾನು ಹೇಳಲಾರೆ. 2026ರ ಅಕ್ಟೋಬರ್ ದಾಟಿದ ಮೇಲೆ ಆ ಬೋರ್ಡ್ ಬದಲಿಸುವುದು, ಇಲ್ಲವೇ ಲಿನಕ್ಸ್ ಮಿಂಟ್ 22. ಮಿಂಟ್‌ಗೆ 2029ರವರೆಗೆ ಬೆಂಬಲವಿದೆ, ಕೆಜಿಪಿ ಕೀಲಿಮಣೆಯೂ ಸಿಗುತ್ತದೆ. ಆದರೆ 2900 ಪ್ರಿಂಟರ್ ಅಲ್ಲಿ ಸತಾಯಿಸುತ್ತದೆ.


ತೊಗರಿಬ್ಯಾಳಿ, ಕಲಬುರಗಿ

ನೋಡಿದೆ. ಲ್ಯಾಪ್‌ಟಾಪಿನ್ಯಾಗ ‘ಕಂಪ್ಯಾಟಿಬಲ್ ಟಿಪಿಎಂ ಸಿಗಲಿಲ್ಲ’ ಅಂತದ, ಬಯಾಸ್ ಮೋಡ್ ಲೆಗಸಿ. ಡೆಸ್ಕ್‌ಟಾಪ್ ಚಾನೆಲ್ ರಿಟೇಲ್. ಗಿವ್‌ಅವೇ ಮೂರನೇ ನಮೂನಿದೇ, ಕೀ ಇಲ್ಲ. ಮತ್ತ ಅಂಗಡಿ ಮಷಿನ್‌ನಾಗ ನುಡಿ ಸಾಫ್ಟ್‌ವೇರ್‌ನಾಗ ಟೈಪ್ ಮಾಡಿದ ಫೈಲ್ ಭಾಳ ಅವ, ಅವೇನಾಗ್ತಾವ?


ಕರಿಕೋಟೆ, ಬೀದರ್

ಲ್ಯಾಪ್‌ಟಾಪಿಗೆ ಇವತ್ತೇ, ವಿಂಡೋಸ್ 10 ಮ್ಯಾಲೇ ಹಾಕ್ರಿ. 10ರಿಂದ 11ಕ್ಕ ಅಪ್‌ಗ್ರೇಡ್ ಆದ್ರ ಪ್ರೋಗ್ರಾಂ ಉಳೀತಾವ, ಹೊಸದಾಗಿ ಹಾಕೋದಿಲ್ಲಲ್ಲ. ಪುಟದಾಗ ವಿಂಡೋಸ್ 11 ಹೆಸರು ಅದನೋ ಇಲ್ಲೋ ಅಷ್ಟು ನೋಡ್ಕೊಳ್ರಿ.

ಹಾಕಿದ ಕೂಡಲೇ ಮೊದಲ ಕೆಲಸ ಬ್ಯಾಕಪ್ ಅಲ್ಲ, ರೆಸ್ಕ್ಯೂ ಪೆನ್‌ಡ್ರೈವ್. ಈ ಸಾಫ್ಟ್‌ವೇರ್‌ಗಳು ತಮ್ಮದೇ ನಮೂನಿ ಇಮೇಜ್ ಫೈಲ್ ಮಾಡ್ತಾವ, ಬ್ಯಾರೆ ಯಾವುದರಾಗೂ ತೆರಿಯಂಗಿಲ್ಲ. ನಾಳೆ ವಿಂಡೋಸ್ ಕೆಟ್ಟು ಸಾಫ್ಟ್‌ವೇರ್ ಮತ್ತ ಹಾಕ್ಲಿಕ್ಕೆ ಬರದಿದ್ರ ಆ ಇಮೇಜ್ ಬೀಗ ಹಾಕಿದ ಪೆಟಿಗಿ, ಕೀಲಿ ಕಳದದ. ರೆಸ್ಕ್ಯೂ ಪೆನ್‌ಡ್ರೈವ್ ಇದ್ರ ಅದರಿಂದ ಬೂಟ್ ಆಗಿ ರಿಸ್ಟೋರ್ ಮಾಡಬಹುದು. ಮಾಡಿಟ್ಟು ಸುಮ್ಮನಾಗಬ್ಯಾಡ್ರಿ, ಒಮ್ಮೆ ಬೂಟ್ ಮಾಡಿ ಒಳಗಿನ ಎಸ್‌ಎಸ್‌ಡಿ ಮತ್ತು ಹೊರಗಿನ ಡಿಸ್ಕ್ ಎರಡೂ ಕಾಣ್ತಾವಾ ನೋಡ್ರಿ. ಇಷ್ಟೆಲ್ಲಾ ಬ್ಯಾಡ ಅಂದ್ರ ರೆಸ್ಕ್ಯೂಝಿಲ್ಲಾ ಅನ್ನೋ ಬ್ಯಾಕಪ್ ಸಾಫ್ಟ್‌ವೇರ್ ಅದ, ಯಾವ ದಿನವೂ ಪುಕ್ಕಟೆನೇ. ವೆಸ್ಟರ್ನ್ ಡಿಜಿಟಲ್, ಕ್ರೂಶಿಯಲ್‌ನವರು ತಮ್ಮ ಎಸ್‌ಎಸ್‌ಡಿ ಕೊಂಡವರಿಗೆ ಆಕ್ರೋನಿಸ್ ಬ್ಯಾಕಪ್ ಸಾಫ್ಟ್‌ವೇರ್‌ನ ಒಂದು ಆವೃತ್ತಿ ಪುಕ್ಕಟೆ ಕೊಡ್ತಾರ, ಅದಕ್ಕ 24 ತಾಸಿನ ಗಡಿಬಿಡಿ ಇಲ್ಲ.

ಆಮ್ಯಾಲ ಪೂರ್ತಿ ಇಮೇಜ್ ಹೊರಗಿನ ಡಿಸ್ಕಿಗೆ. ಯುಎಸ್‌ಬಿ 2 ಪೋರ್ಟ್‌ನಾಗ ಸೆಕೆಂಡಿಗೆ 30 ಎಂಬಿ ಹಿಡಿದ್ರ 100 ಜಿಬಿಗೆ ಒಂದು ತಾಸಿನ ಹತ್ರ ಹಿಡೀತದ, ನೀಲಿ ಪೋರ್ಟಿಗೆ ಹಾಕ್ರಿ.

ಈಗ ಲೆಗಸಿ ಬಿಡಿಸೋದು, ಅಂದ್ರ ಡಿಸ್ಕನ್ನ ಹಳೇ ಎಂಬಿಆರ್ ರಚನೆಯಿಂದ ಹೊಸ ಜಿಪಿಟಿ ರಚನೆಗೆ ತರೋದು. ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು:

ಎಂಬಿಆರ್2ಜಿಪಿಟಿ /ವ್ಯಾಲಿಡೇಟ್ /ಡಿಸ್ಕ್:0 /ಅಲೌಫುಲ್‌ಓಎಸ್

ಇದು ಬರೇ ಪರೀಕ್ಷೆ ಮಾಡ್ತದ. ಫೇಲಾದ್ರ ಪ್ರೈಮರಿ ಪಾರ್ಟಿಷನ್ ಎಣಸ್ರಿ. ಮೂರಕ್ಕಿಂತ ಹೆಚ್ಚಿದ್ರ ಒಪ್ಪಂಗಿಲ್ಲ, ಡಿ, ಇ ಡ್ರೈವ್ ಅಂತ ಮಾಡಿಟ್ಟಲ್ಲಿ ಇದೇ ಆಗಿರ್ತದ. ಒಂದನ್ನ ಖಾಲಿ ಮಾಡಿ ತಗದು ಮತ್ತ ಓಡಸ್ರಿ. ಪಾಸಾದ್ರ ಅದೇ ಸಾಲಿನ್ಯಾಗ ‘ವ್ಯಾಲಿಡೇಟ್’ ಬದಲು ‘ಕನ್ವರ್ಟ್’. ಚಾರ್ಜರ್ ಹಚ್ಚೇ ಮಾಡ್ರಿ. ಕನ್ವರ್ಟ್ ಆದಮ್ಯಾಲ ಬಯಾಸ್‌ಗೆ ಹೋಗಿ ಲೆಗಸಿ ಅಥವಾ ಸಿಎಸ್‌ಎಂ (ಲೆಗಸಿದೇ ಇನ್ನೊಂದು ಹೆಸರು) ತಗದು ಯುಇಎಫ್‌ಐ (ಹೊಸ ಬೂಟ್ ನಮೂನಿ) ಮಾಡ್ರಿ, ಇಲ್ಲಂದ್ರ ‘ಬೂಟ್ ಡಿವೈಸ್ ಇಲ್ಲ’ ಅಂತದ, ಗಾಬರಿ ಆಗಬ್ಯಾಡ್ರಿ. ಅಲ್ಲೇ ಇಂಟೆಲ್ ಪಿಟಿಟಿ (ಇಂಟೆಲ್‌ನ ಟಿಪಿಎಂ) ಆನ್ ಮಾಡ್ರಿ. ಕೆಲವು ಬಯಾಸ್‌ನಾಗ ಲೆಗಸಿ ಇರೋತನ ಪಿಟಿಟಿ ಸಾಲೇ ಕಾಣಂಗಿಲ್ಲ. ಟಿಪಿಎಂ.ಎಂಎಸ್‌ಸಿಯೊಳಗ ಸ್ಪೆಸಿಫಿಕೇಷನ್ ವರ್ಷನ್ 2.0 ಬಂದ್ರ ಕೆಲಸ ಆತು.

ಒಂದು ಮಾತು ಭಾಳ ಮಂದಿಗೆ ಹೊಳಿಯಂಗಿಲ್ಲ. ಕನ್ವರ್ಟ್ ಮೊದಲಿನ ಇಮೇಜ್ ಒಳಗ ಹಳೇ ಎಂಬಿಆರ್ ರಚನೆ ಇರ್ತದ. ಅದನ್ನ ರಿಸ್ಟೋರ್ ಮಾಡಿದ್ರ ಬಯಾಸ್ ಮತ್ತ ಲೆಗಸಿಗೆ ತರಬೇಕು, ಇಲ್ಲಂದ್ರ ರಿಸ್ಟೋರ್ ಸಕ್ಸಸ್ ಅಂತದ, ಮಷಿನ್ ಏಳಂಗಿಲ್ಲ. ಅದಕ್ಕ ವಿಂಡೋಸ್ 11 ಆಗಿ ಎರಡು ದಿನ ನಡಿಸಿ ನೋಡಿ ಹೊಸ ಇಮೇಜ್ ತಗೊಳ್ರಿ, ರೆಸ್ಕ್ಯೂ ಪೆನ್‌ಡ್ರೈವ್‌ನೂ ಹೊಸದಾಗಿ ಮಾಡ್ರಿ.

11 ಬಂದಮ್ಯಾಲ ಸೆಟ್ಟಿಂಗ್ಸ್‌ನಾಗ ಡಿವೈಸ್ ಎನ್‌ಕ್ರಿಪ್ಷನ್ ಆನ್ ಅದನೋ ನೋಡ್ರಿ. ಆನ್ ಇದ್ರ 48 ಅಂಕಿಯ ರಿಕವರಿ ಕೀ ಮೈಕ್ರೋಸಾಫ್ಟ್ ಅಕೌಂಟಿನ್ಯಾಗ ಇರ್ತದ, ಹಾಳ್ಯಾಗ ಬರಕೊಳ್ರಿ. ಬಯಾಸ್ ಮುಟ್ಟಿದ ದಿನ ಅದನ್ನೇ ಕೇಳ್ತದ.


ಭೀಮಾದಂಡಿ, ಯಾದಗಿರಿ

ನುಡಿ ಫೈಲ್‌ಗಳ ಬಗ್ಗೆ. ಯೂನಿಕೋಡ್ ಅಲ್ಲದ ಹಳೇ ನುಡಿ ಅಕ್ಷರಗಳಾದರೆ ಫೈಲ್ ಜೊತೆ ಫಾಂಟ್ ಕೂಡ ಹೋಗಬೇಕು. ಸಿ ಡ್ರೈವ್, ವಿಂಡೋಸ್, ಫಾಂಟ್ಸ್ ಫೋಲ್ಡರ್‌ನಲ್ಲಿ ನುಡಿ ಎಂದು ಶುರುವಾಗುವ ಎಲ್ಲವನ್ನೂ ನಕಲು ಮಾಡಿ, ಹೊಸ ವಿಂಡೋಸ್‌ನಲ್ಲಿ ರೈಟ್ ಕ್ಲಿಕ್ ಮಾಡಿ ಎಲ್ಲಾ ಬಳಕೆದಾರರಿಗೂ ಇನ್‌ಸ್ಟಾಲ್ ಮಾಡಿ. ಫಾಂಟ್ ಇಲ್ಲದಿದ್ದರೆ ‘ಕನ್ನಡ’ ಎಂಬ ಪದದಲ್ಲಿ ‘ನ’ ಜಾಗಕ್ಕೆ ಇಂಗ್ಲೆಂಡಿನ ಪೌಂಡ್ ಚಿಹ್ನೆ ಕೂತಿರುತ್ತದೆ. ಫೈಲ್ ಕೆಟ್ಟಿದೆ ಎಂದು ಅಳಿಸಿಬಿಡಬೇಡಿ, ಫಾಂಟ್ ಹಾಕಿದರೆ ವಾಪಸ್ ಬರುತ್ತದೆ. ಡಿಟಿಪಿ ಪುಟಗಳಲ್ಲಿ ತುಂಗಾ ಫಾಂಟ್ ಬಳಸಿದ್ದರೆ ಆಪ್ಷನಲ್ ಫೀಚರ್ಸ್‌ನಲ್ಲಿ ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಸೇರಿಸಿ, ಹೊಸ ವಿಂಡೋಸ್‌ನಲ್ಲಿ ಅದು ತಾನಾಗಿ ಇರಲಿಕ್ಕಿಲ್ಲ.

ಹಾರ್ಡ್ ಡಿಸ್ಕನ್ನು ತಿಂಗಳ ಮಟ್ಟಿಗಾದರೂ ಫಾರ್ಮ್ಯಾಟ್ ಮಾಡಬೇಡಿ. ಮರೆತ ಫಾಂಟ್, ಸ್ಕ್ಯಾನರ್ ಪ್ರೊಫೈಲ್, ಬ್ರೌಸರ್‌ನಲ್ಲಿ ಉಳಿಸಿದ್ದ ಪಾಸ್‌ವರ್ಡ್ ನೆನಪಾಗುವುದು ಗಿರಾಕಿ ಎದುರು ನಿಂತಾಗಲೇ.


ತೊಗರಿಬ್ಯಾಳಿ, ಕಲಬುರಗಿ

ಈಗ 11.40. ಲ್ಯಾಪ್‌ಟಾಪಿಗೆ ಸೆಟಪ್ ಹಚ್ಚೀನಿ. ಎಸ್‌ಎಸ್‌ಡಿ ರವಿವಾರ ಅಂಗಡಿ ಬಂದ್ ಇದ್ದಾಗ.