ಸಹಾಯ ಬೇಕು: ಸೇಲಂ ಬಂದರಿನ ಹಳೇ ಜಾಹೀರಾತುಗಳಲ್ಲಿ ಬರುವ ಬಟ್ಟೆ ಹೆಸರುಗಳು

ನಮಸ್ಕಾರ. ಅಮೆರಿಕದ ಸೇಲಂ ಬಂದರಿನ (ತಮಿಳುನಾಡಿನದಲ್ಲ, ಮ್ಯಾಸಚೂಸೆಟ್ಸ್‌ನದು) 1790ರ ದಶಕದ ಪತ್ರಿಕೆಗಳನ್ನು ಓದುತ್ತಿದ್ದೇನೆ. ಕಲ್ಕತ್ತಾದಿಂದ ಹಡಗು ಬಂದರೆ ಸಾಕು, ಬಟ್ಟೆ, ಸಕ್ಕರೆ ಮಾರಾಟಕ್ಕಿದೆ ಎಂದು ವ್ಯಾಪಾರಿಗಳು ಜಾಹೀರಾತು ಕೊಡುತ್ತಿದ್ದರು. ಓದೋದು ಸುಲಭವಲ್ಲ. ಆಗಿನ ಉದ್ದ 'ಎಸ್' ಥೇಟ್ 'ಎಫ್' ತರ ಇದೆ. 'ಸೇಲ್' ಅನ್ನೋದು 'ಫೇಲ್' ಅಂತ ಕಾಣುತ್ತದೆ! ಅದು ಹೇಗೋ ರೂಢಿಯಾಯಿತು. ಆದರೆ ಬಾಫ್ತಾ, ಗುರ್ರಾ, ಕೊಸ್ಸಾ ಅನ್ನೋ ಹೆಸರುಗಳ ಹತ್ತಿರ ಸಿಕ್ಕಿಕೊಂಡಿದ್ದೇನೆ. ಹತ್ತಿ ಬಟ್ಟೆ ಅಂತ ಗೊತ್ತು. ಯಾವುದು ಒರಟು, ಯಾವುದು ನಯ? ಯಾವುದನ್ನು ಯಾತಕ್ಕೆ ಬಳಸುತ್ತಿದ್ದರು? ನೇಯ್ಗೆ ಗೊತ್ತಿರುವವರು, ಬಂಗಾಳದ ಹಳೇ ಜವಳಿ ಬಗ್ಗೆ ಓದಿದವರು ದಯವಿಟ್ಟು ತಿಳಿಸಿ. ನಮ್ಮ ನೇಕಾರರ ಕೈಕೆಲಸ ಅಷ್ಟು ದೂರ ಹೋಗಿತ್ತು, ಅಲ್ವಾ? ಸುಮ್ನೆ ಹೆಸರು ಬರೆದು ಬಿಡಲು ಮನಸ್ಸು ಒಪ್ಪುತ್ತಿಲ್ಲ.