ಎಸ್‌ಕ್ಯೂಲೈಟ್ ಡಿಎಲ್‌ಎಲ್ ಸಿ ಶಾರ್ಪ್‌ನಿಂದ ಕರೆದರೆ ಊರಿನ ಹೆಸರು ತುಂಡಾಗುತ್ತಿದೆ, ಪ್ರೋಗ್ರಾಮ್ ಸದ್ದಿಲ್ಲದೆ ಬೀಳುತ್ತಿದೆ

ಪ್ರಶ್ನೆ (ಗಂಗಾವತಿ):
ಅಕ್ಕಿ ಗಿರಣಿಯ ವೇ-ಬ್ರಿಡ್ಜ್ ಪ್ರೋಗ್ರಾಮ್. ಇಂಡಿಕೇಟರ್‌ನಿಂದ (ತೂಕ ತೋರಿಸುವ ಪೆಟ್ಟಿಗೆ) ಸೀರಿಯಲ್ ಪೋರ್ಟ್ ಮೂಲಕ ತೂಕ ಓದುವ ಹಳೇ ಸಿ++ ಡಿಎಲ್‌ಎಲ್ (ಬೇರೆ ಪ್ರೋಗ್ರಾಮ್ ಕರೆದು ಬಳಸುವ ಕೋಡ್ ಫೈಲ್), 32 ಬಿಟ್. ಪರದೆಗಳೆಲ್ಲ ಸಿ ಶಾರ್ಪ್, ಡಾಟ್‌ನೆಟ್ ಫ್ರೇಮ್‌ವರ್ಕ್ 4.8. ಡೇಟಾ ಇಡುವುದು ಎಸ್‌ಕ್ಯೂಲೈಟ್‌ನಲ್ಲಿ (ಒಂದೇ ಫೈಲಿನ ಸಣ್ಣ ಡೇಟಾಬೇಸ್). ಅದರ ಡಿಎಲ್‌ಎಲ್ಲನ್ನು (ಅದೂ 32 ಬಿಟ್) ಪಿ-ಇನ್ವೋಕ್‌ನಿಂದ (ಸಿ ಶಾರ್ಪ್‌ನಿಂದ ಸಿ ಫಂಕ್ಷನ್ ಕರೆಯುವ ವ್ಯವಸ್ಥೆ) ನೇರ ಕರೆಯುತ್ತಿದ್ದೇನೆ. ತೊಂದರೆಗಳು:

ಫೋಲ್ಡರ್ ಹೆಸರು 'ತೂಕ' ಎಂದಿದ್ದರೆ ಓಪನ್ ಆಗದೆ 14 ಬರುತ್ತದೆ. 'ಕಾರಟಗಿ' ಎಂದು ಸೇವ್ ಮಾಡಿದರೆ 'ಕಾ' ಉಳಿಯುತ್ತದೆ, 'ಸಿಂಧನೂರು' 'ಸಿ' ಆಗಿ ಮುಂದೊಂದು ಪ್ರಶ್ನೆಚಿಹ್ನೆಯ ಡಬ್ಬಿ. ಒಮ್ಮೊಮ್ಮೆ ಪೂರಾ ಕಸ. ಒಂದೆರಡು ತಾಸು ನಡೆದ ಮೇಲೆ ಪ್ರೋಗ್ರಾಮ್ ತಾನೇ ಮುಚ್ಚಿಕೊಳ್ಳುತ್ತದೆ, ಟ್ರೈ-ಕ್ಯಾಚ್‌ಗೂ ಸಿಗುವುದಿಲ್ಲ. ಹೊಸ 64 ಬಿಟ್ ಪಿಸಿಯಲ್ಲಿ ಬ್ಯಾಡ್‌ಇಮೇಜ್‌ಫಾರ್ಮ್ಯಾಟ್ ಎಕ್ಸೆಪ್ಶನ್.

ಓಪನ್‌ಗೆ ಸ್ಟ್ರಿಂಗ್ ಹಾಗೇ ಕೊಟ್ಟಿದ್ದೇನೆ. ಬೈಂಡ್_ಟೆಕ್ಸ್ಟ್‌ಗೆ (ಬರೆಯಬೇಕಾದ ಪಠ್ಯ ಕೊಡುವ ಫಂಕ್ಷನ್) ಯುಟಿಎಫ್-8 (ಯೂನಿಕೋಡ್ ಅಕ್ಷರಗಳ ಬೈಟ್ ರೂಪ) ಬೈಟ್ ಅರೇ, ಉದ್ದಕ್ಕೆ ಊರು.ಲೆಂಗ್ತ್ (ಊರಿನ ಹೆಸರಿನ ಸ್ಟ್ರಿಂಗ್‌ನ ಉದ್ದ), ಕೊನೆಯ ಪ್ಯಾರಾಮೀಟರ್ 0. ಲಾರಿ ನಂಬರ್ ಓದಲು ಕಾಲಮ್_ಟೆಕ್ಸ್ಟ್ ಇದೆ, ಅದು ಸ್ಟ್ರಿಂಗ್ ವಾಪಸ್ ಕೊಡುತ್ತದೆಂದು ಡಿಕ್ಲೇರ್ ಮಾಡಿದ್ದೇನೆ.

ಉತ್ತರ (ರಾಯಚೂರು):
ಕೊನೆಯ ತೊಂದರೆ, ಹೊಸ ಪಿಸಿಯ ಎಕ್ಸೆಪ್ಶನ್, ಸಣ್ಣದು, ಮೊದಲು ಮುಗಿಸೋಣ. ನಿಮ್ಮ ಎಕ್ಸ್‌ಇ 'ಎನಿ ಸಿಪಿಯು' ಆಗಿ ಬಿಲ್ಡ್ ಆಗಿದೆ. 64 ಬಿಟ್ ವಿಂಡೋಸ್‌ನಲ್ಲಿ ಅದು 64 ಬಿಟ್ ಪ್ರೋಸೆಸ್ ಆಗಿ ಏಳುತ್ತದೆ, 32 ಬಿಟ್ ಡಿಎಲ್‌ಎಲ್ ಅದರೊಳಗೆ ಕೂರುವುದಿಲ್ಲ. ಇಂಡಿಕೇಟರ್ ಡಿಎಲ್‌ಎಲ್ಲಿನ ಸೋರ್ಸ್ ಇಲ್ಲದಿದ್ದರೆ ಪ್ಲ್ಯಾಟ್‌ಫಾರ್ಮ್ ಟಾರ್ಗೆಟ್ ಎಕ್ಸ್86 ಮಾಡಿ, ಬೇರೆ ದಾರಿ ಹುಡುಕಬೇಡಿ.

ಇನ್ನು 14. ಅಂದರೆ 'ಫೈಲ್ ತೆರೆಯಲಾಗಲಿಲ್ಲ'. ಪಿ-ಇನ್ವೋಕ್‌ನಲ್ಲಿ ಏನೂ ಹೇಳದಿದ್ದರೆ ಸ್ಟ್ರಿಂಗ್ ಆನ್ಸಿಗೆ (ವಿಂಡೋಸ್‌ನ ಹಳೇ ಅಕ್ಷರ ಸಂಕೇತ) ಬದಲಾಗಿ ಹೋಗುತ್ತದೆ. ವಿಂಡೋಸ್‌ನಲ್ಲಿ ಕನ್ನಡಕ್ಕೆ ಆನ್ಸಿ ಕೋಡ್‌ಪೇಜೇ ಇಲ್ಲ, ಹಾಗಾಗಿ 'ತೂಕ' ಅನ್ನೋದು '???' ಆಗಿ ಹೋಗುತ್ತದೆ. ಪ್ರಶ್ನೆಚಿಹ್ನೆ ವಿಂಡೋಸ್ ಫೈಲ್ ಹೆಸರಿನಲ್ಲಿ ನಿಷಿದ್ಧ. ಓಪನ್_ವಿ2 ಕೇಳುವುದು ಯುಟಿಎಫ್-8. ಪಾತ್‌ನ ಕೊನೆಗೆ ಸೊನ್ನೆ ಬೈಟ್ ಸೇರಿಸಿ ಬೈಟ್ ಅರೇಯಾಗಿ ಕೊಡಿ. ಸ್ಟ್ರಿಂಗನ್ನು ಬೈಟ್ ಮಾಡುವ ಗೆಟ್‌ಬೈಟ್ಸ್ ತಾನಾಗಿ ಆ ಸೊನ್ನೆ ಹಾಕುವುದಿಲ್ಲ. ಯುಟಿಎಫ್-16 ತೆಗೆದುಕೊಳ್ಳುವ ಓಪನ್16 ಇದೆಯಲ್ಲ ಅನ್ನಬಹುದು. ಅದರಿಂದ ಹೊಸ ಫೈಲ್ ಹುಟ್ಟಿದರೆ ಒಳಗಿನ ಎನ್‌ಕೋಡಿಂಗ್ ಕೂಡ ಯುಟಿಎಫ್-16 ಆಗುತ್ತದೆ.

ತುಂಡಾಗುವುದಕ್ಕೆ ಕಾರಣ ಲೆಂಗ್ತ್. ಲೆಂಗ್ತ್ ಎಣಿಸುವುದು ಯುಟಿಎಫ್-16 ಘಟಕ, ಬೈಂಡ್_ಟೆಕ್ಸ್ಟ್ ಕೇಳುವುದು ಬೈಟ್. ಕನ್ನಡದಲ್ಲಿ ಅಕ್ಷರ, ಗುಣಿತದ ಚಿಹ್ನೆ, ಸೊನ್ನೆ ಎಲ್ಲವೂ ತಲಾ 3 ಬೈಟ್. ಕಾರಟಗಿ: ಕ, ಕಾಗುಣಿತದ ದೀರ್ಘ, ರ, ಟ, ಗ, ಗುಡಿಸು. ಒಟ್ಟು 6, ಬೈಟ್ ಲೆಕ್ಕದಲ್ಲಿ 18. ನೀವು 6 ಅಂದಿರಿ, 6 ಬೈಟ್‌ಗೆ ಸರಿಯಾಗಿ 'ಕಾ' ಬಂತು. ಸಿಂಧನೂರು 8 ಘಟಕ, 24 ಬೈಟ್. 8 ಬೈಟ್ ಅಂದರೆ 'ಸಿ' ಪೂರ್ತಿ, ಅದರ ಮುಂದಿನ ಸೊನ್ನೆಯ ಮೂರು ಬೈಟ್‌ನಲ್ಲಿ ಎರಡು. ಆ ಡಬ್ಬಿ ಅದೇ. ಕನ್ನಡ ಪಠ್ಯ ಮೂರರಲ್ಲಿ ಒಂದು ಪಾಲು ಮಾತ್ರ ಉಳಿದರೆ ಮೊದಲು ಇದನ್ನೇ ನೋಡಬೇಕು. ಬೈಟ್ ಅರೇಯ ಲೆಂಗ್ತ್ ಕೊಡಿ, ಸ್ಟ್ರಿಂಗ್‌ನದ್ದಲ್ಲ.

ಕಸ ಬರುವುದು ಆ ಕೊನೆಯ 0 ಇಂದ. 0 ಅಂದರೆ ಸ್ಟ್ಯಾಟಿಕ್: 'ಈ ಮೆಮೊರಿ ಅಲುಗುವುದಿಲ್ಲ, ನಕಲು ಬೇಡ' ಎಂದು ನೀವು ಎಸ್‌ಕ್ಯೂಲೈಟ್‌ಗೆ ಮಾತು ಕೊಟ್ಟ ಹಾಗೆ. ಆದರೆ ಬೈಟ್ ಅರೇ ಪಿನ್ ಆಗಿರುವುದು (ಮೆಮೊರಿಯಲ್ಲಿ ಕದಲದೆ ಇರುವುದು) ಆ ಒಂದು ಕರೆ ಮುಗಿಯುವ ತನಕ. ಬೈಂಡ್‌ಗೂ ಸ್ಟೆಪ್‌ಗೂ (ನಿಜವಾಗಿ ಬರೆಯುವ ಕರೆ) ನಡುವೆ ಗಾರ್ಬೇಜ್ ಕಲೆಕ್ಟರ್ (ಡಾಟ್‌ನೆಟ್‌ನಲ್ಲಿ ಮೆಮೊರಿ ಗುಡಿಸುವ ಭಾಗ) ಬಂದು ಅರೇಯನ್ನು ಸರಿಸಿದರೆ ಎಸ್‌ಕ್ಯೂಲೈಟ್ ಹಳೇ ವಿಳಾಸದಲ್ಲಿ ಇದ್ದದ್ದನ್ನೇ ಬರೆಯುತ್ತದೆ. ಅದಕ್ಕೇ 'ಒಮ್ಮೊಮ್ಮೆ'. ಆ ಜಾಗದಲ್ಲಿ ಇಂಟ್‌ಪಾಯಿಂಟರ್ ಆಗಿ -1 ಕೊಡಿ, ಅದು ಟ್ರಾನ್ಸಿಯೆಂಟ್. ಕರೆಯೊಳಗೇ ನಕಲು ಮಾಡಿಕೊಳ್ಳುತ್ತದೆ.

ಸದ್ದಿಲ್ಲದೆ ಬೀಳುವುದು ಕಾಲಮ್_ಟೆಕ್ಸ್ಟ್‌ನಿಂದ. ವಾಪಸ್ ಬರುವುದು ಸ್ಟ್ರಿಂಗ್ ಎಂದು ಬರೆದರೆ, ಸಿಎಲ್‌ಆರ್ (ಡಾಟ್‌ನೆಟ್ ಓಡಿಸುವ ಎಂಜಿನ್) ಅದನ್ನು ನಕಲು ಮಾಡಿ ಮೂಲ ಪಾಯಿಂಟರನ್ನು (ಮೆಮೊರಿ ವಿಳಾಸ) ಮೆಮೊರಿ ಬಿಡಿಸುವ ಕೋಟಾಸ್ಕ್‌ಮೆಮ್‌ಫ್ರೀಗೆ ಕೊಡುತ್ತದೆ. ಆ ಮೆಮೊರಿ ಎಸ್‌ಕ್ಯೂಲೈಟ್‌ನದು, ಬಿಡಿಸುವ ಹಕ್ಕು ನಿಮಗಿಲ್ಲ. ಹೀಪ್ (ಪ್ರೋಗ್ರಾಮ್ ಬಳಸುವ ಮೆಮೊರಿ ರಾಶಿ) ಹಾಳಾಗುತ್ತದೆ, ಬೀಳುವುದು ಮಾತ್ರ ಎಷ್ಟೋ ಹೊತ್ತಿನ ಮೇಲೆ, ಸಂಬಂಧವಿಲ್ಲದ ಸಾಲಿನಲ್ಲಿ. ಡಾಟ್‌ನೆಟ್ 4ರಿಂದ ಇಂಥ ಏಟು ಸಾಮಾನ್ಯ ಕ್ಯಾಚ್‌ಗೆ ಬರುವುದೂ ಇಲ್ಲ. ಕೆಎ-37 ಎಂಬ ಲಾರಿ ನಂಬರ್ ಇಂಗ್ಲಿಷ್ ಅಕ್ಷರವಾದ್ದರಿಂದ ಪರದೆಯಲ್ಲಿ ಚೆಂದವಾಗೇ ಕಂಡಿತು, ತಪ್ಪು ಅಡಗಿ ಕೂತಿತು. ವಾಪಸ್ ಟೈಪ್ ಇಂಟ್‌ಪಾಯಿಂಟರ್ ಮಾಡಿ. ಪಾಯಿಂಟರಿನಿಂದ ಯುಟಿಎಫ್-8 ಸ್ಟ್ರಿಂಗ್ ಓದುವ ಪಿಟಿಆರ್‌ಟುಸ್ಟ್ರಿಂಗ್‌ಯುಟಿಎಫ್8 4.8ರಲ್ಲಿ ಇಲ್ಲ, ಆದ್ದರಿಂದ ಕಾಲಮ್_ಟೆಕ್ಸ್ಟ್16 ಕರೆದು ಪಿಟಿಆರ್‌ಟುಸ್ಟ್ರಿಂಗ್‌ಯೂನಿ ಹಾಕಿ. ಮುಂದಿನ ಸ್ಟೆಪ್, ರೀಸೆಟ್ ಅಥವಾ ಫೈನಲೈಸ್ ಆದರೆ ಆ ಪಾಯಿಂಟರ್ ಸತ್ತ ಹಾಗೆ, ಹಾಗಾಗಿ ತಕ್ಷಣ ನಕಲು ಮಾಡಿ.

ಎಲ್ಲ ಡಿಕ್ಲರೇಷನ್‌ಗೂ ಕಾಲಿಂಗ್ ಕನ್ವೆನ್ಷನ್ (ಕರೆ ಮುಗಿದ ಮೇಲೆ ಸ್ಟ್ಯಾಕ್ ಯಾರು ತೆಗೆಯಬೇಕು ಎಂಬ ನಿಯಮ) ಸಿಡಿಕಲ್ ಎಂದು ಬರೆಯಿರಿ. ಬರೆಯದಿದ್ದರೆ ಸ್ಟಡ್‌ಕಾಲ್ ಎಂದು ಹಿಡಿಯುತ್ತದೆ. 64 ಬಿಟ್‌ನಲ್ಲಿ ಈ ತಪ್ಪು ಕಾಣುವುದೇ ಇಲ್ಲ, 32ರಲ್ಲಿ ಸ್ಟ್ಯಾಕ್ ಕೆಡುತ್ತದೆ.

ಇನ್ನೊಬ್ಬರು (ಕೊಪ್ಪಳ):
ಇಷ್ಟೆಲ್ಲ ಯಾಕ್ರಿ? ಮೈಕ್ರೋಸಾಫ್ಟ್.ಡೇಟಾ.ಎಸ್‌ಕ್ಯೂಲೈಟ್ ಎಂಬ ಸಿದ್ಧ ಲೈಬ್ರರಿ ಹಾಕಿದರೆ ಮುಗೀತಲ್ಲ.

ಉತ್ತರ (ರಾಯಚೂರು):
ಹೌದು, ಬರೀ ಸಿ ಶಾರ್ಪ್ ಆದರೆ ಕೈಯಿಂದ ಪಿ-ಇನ್ವೋಕ್ ಬರೆಯುವುದು ದಂಡ. ಸಿ++ ಕಡೆಯೂ ಅದೇ ಫೈಲ್ ತೆರೆಯುವುದಿದ್ದರೆ ಒಂದು ಮಾತು ನೆನಪಿಡಿ: ಅಲ್ಲಿ ಇನ್ನೊಂದು ಎಸ್‌ಕ್ಯೂಲೈಟ್ ಪ್ರತಿ ಇರುತ್ತದೆ. ಒಂದು ಪ್ರತಿ ಕೊಟ್ಟ ಕನೆಕ್ಷನ್ ಪಾಯಿಂಟರನ್ನು ಇನ್ನೊಂದಕ್ಕೆ ದಾಟಿಸಬೇಡಿ. ಎರಡೂ ಕಡೆ ಬೇರೆ ಬೇರೆ ಕನೆಕ್ಷನ್, ಬಿಸಿ_ಟೈಮ್‌ಔಟ್ (ಫೈಲ್ ಲಾಕ್ ಆಗಿದ್ದರೆ ಕಾಯುವ ಸಮಯ) 5000 ಮಿಲಿಸೆಕೆಂಡ್.

ಪ್ರಶ್ನೆ (ಸಿಂಧನೂರು):
ಪಿ-ಇನ್ವೋಕ್ ಬಿಟ್ಟು ಸಿ++/ಸಿಎಲ್‌ಐ (ಡಾಟ್‌ನೆಟ್ ಜೊತೆ ಬೆರೆಯುವ ಸಿ++) ನಡುವಿನ ಪದರ ಬರೆದರೆ? ಬಿಲ್ಡ್ ಮಾಡಿದರೆ ಎಸ್‌ಕ್ಯೂಲೈಟ್‌ನ ಸೋರ್ಸ್ ಎಸ್‌ಕ್ಯೂಲೈಟ್3.ಸಿ ಮೇಲೇ ಎರರ್.

ಉತ್ತರ (ಬಳ್ಳಾರಿ):
ಸಿ ಫೈಲ್ ಸಿಎಲ್‌ಆರ್ ಆಪ್ಷನ್‌ನಲ್ಲಿ ಕಂಪೈಲ್ ಆಗುವುದಿಲ್ಲ. ಪ್ರಾಜೆಕ್ಟ್‌ನಲ್ಲಿ ಆ ಒಂದು ಫೈಲಿನ ಪ್ರಾಪರ್ಟೀಸ್ ತೆಗೆದು ಸಿಎಲ್‌ಆರ್ ಸಪೋರ್ಟ್ 'ಇಲ್ಲ' ಮಾಡಿ, ಪ್ರೀಕಂಪೈಲ್ಡ್ ಹೆಡರ್ ಕೂಡ ಬಂದ್ ಮಾಡಿ. ರನ್‌ಟೈಮ್ ಲೈಬ್ರರಿ ಎಂಡಿ (ಬೇರೆ ಡಿಎಲ್‌ಎಲ್ ಆಗಿ) ಇರಲಿ. ಎಂಟಿ (ಒಳಗೇ ಸೇರಿಸುವುದು) ಜೊತೆ ಸಿಎಲ್‌ಆರ್ ಒಗ್ಗುವುದಿಲ್ಲ. ಕಟ್ಟಿದ ಮೇಲೂ ಈ ಡಿಎಲ್‌ಎಲ್ 32 ಅಥವಾ 64, ಎರಡರಲ್ಲಿ ಒಂದೇ.

ಗಿರಣಿಯ ಪಿಸಿಯಲ್ಲಿ 'ಫೈಲ್ ಅಥವಾ ಅದರ ಡಿಪೆಂಡೆನ್ಸಿ ಸಿಗಲಿಲ್ಲ' ಅಂದರೆ, ಕಣ್ಣೆದುರೇ ಇರುವ ಫೈಲನ್ನು ಮತ್ತೆ ಮತ್ತೆ ಕಾಪಿ ಮಾಡುತ್ತ ಕೂರಬೇಡಿ. ಬಹುಮಟ್ಟಿಗೆ ವಿಷುವಲ್ ಸಿ++ ರೀಡಿಸ್ಟ್ರಿಬ್ಯೂಟೆಬಲ್ ಹಾಕಿರುವುದಿಲ್ಲ. 32 ಬಿಟ್ ಡಿಎಲ್‌ಎಲ್‌ಗೆ ಎಕ್ಸ್86ದೇ ಬೇಕು.

ಸಿ++/ಸಿಎಲ್‌ಐನಲ್ಲಿ ಪಿನ್ ಮಾಡುವ ಪಿನ್_ಪಿಟಿಆರ್ ಆ ಲೋಕಲ್ ವೇರಿಯಬಲ್ ಇರುವ ತನಕ ಮಾತ್ರ ಹಿಡಿದಿರುತ್ತದೆ, ಫಂಕ್ಷನ್‌ನಿಂದ ಹೊರಬಂದರೆ ಮೇಲಿನ ಸ್ಟ್ಯಾಟಿಕ್ ಕಥೆಯೇ. ಬಿಸಿ_ಹ್ಯಾಂಡ್ಲರ್ ಥರದ ಕಾಲ್‌ಬ್ಯಾಕ್‌ಗೆ (ಎಸ್‌ಕ್ಯೂಲೈಟ್ ತಿರುಗಿ ಕರೆಯುವ ನಿಮ್ಮ ಫಂಕ್ಷನ್) ಡೆಲಿಗೇಟ್ (ಡಾಟ್‌ನೆಟ್‌ನ ಫಂಕ್ಷನ್ ಪಾಯಿಂಟರ್) ಕೊಟ್ಟರೆ ಅದನ್ನು ಕ್ಲಾಸ್‌ನ ಫೀಲ್ಡ್‌ನಲ್ಲಿ ಇಟ್ಟುಕೊಳ್ಳಿ. ಇಲ್ಲವಾದರೆ ಕಲೆಕ್ಟರ್ ಅದನ್ನು ಗುಡಿಸಿಹಾಕಿದ ಮೇಲೆ ಎಸ್‌ಕ್ಯೂಲೈಟ್ ಅದನ್ನೇ ಕರೆದು ಬೀಳುತ್ತದೆ. ಪಿನ್ ಬೇಡ, ಹಿಡಿದಿದ್ದರೆ ಸಾಕು. ಕಾಲ್‌ಬ್ಯಾಕ್‌ನೊಳಗಿನ ಎಕ್ಸೆಪ್ಶನ್ ಅಲ್ಲೇ ಹಿಡಿಯಿರಿ, ಸಿ ಕೋಡ್ ದಾಟಿ ಹೊರಗೆ ಬಿಡಬೇಡಿ.

ಕ್ಲೋಸ್ ಮಾಡಿದಾಗ 5 ಬಂದರೆ ಯಾವುದೋ ಸ್ಟೇಟ್‌ಮೆಂಟ್ ಫೈನಲೈಸ್ ಆಗಿಲ್ಲ. ಡಾಟ್‌ನೆಟ್‌ನ ಫೈನಲೈಸರ್‌ಗಳು (ವಸ್ತು ಗುಡಿಸುವ ಮೊದಲು ಓಡುವ ಕೋಡ್) ಯಾವ ಕ್ರಮದಲ್ಲಿ ಓಡುತ್ತವೆ ಅನ್ನುವ ಭರವಸೆ ಇಲ್ಲದ್ದರಿಂದ ಕ್ಲೋಸ್_ವಿ2 ಬಳಸಿ; ಕೊನೆಯ ಸ್ಟೇಟ್‌ಮೆಂಟ್ ಹೋದಾಗ ಅದೇ ಮುಚ್ಚಿಕೊಳ್ಳುತ್ತದೆ.

ಪ್ರಶ್ನೆ (ಗಂಗಾವತಿ):
ಎಲ್ಲ ಸರಿಹೋಯ್ತು, ಥ್ಯಾಂಕ್ಸ್. ಆಫೀಸ್ ಪಿಸಿಯಿಂದಲೂ ಶೇರ್ಡ್ ಫೋಲ್ಡರ್ ಮೂಲಕ ಅದೇ ಫೈಲ್ ತೆರೆಯಬಹುದಾ? ವಾಲ್ ಮೋಡ್ (ಹೊಸ ಎಂಟ್ರಿ ಮೊದಲು ಪಕ್ಕದ ಫೈಲಿಗೆ ಬರೆಯುವ ರೀತಿ) ಹಾಕಿದ್ದೇನೆ. ರಾತ್ರಿ ಪೆನ್‌ಡ್ರೈವ್‌ಗೆ ಕಾಪಿ ಮಾಡುತ್ತಾರೆ.

ಉತ್ತರ (ರಾಯಚೂರು):
ಬೇಡ. ವಾಲ್ ಮೋಡ್‌ಗೆ ಎಲ್ಲರೂ ಒಂದೇ ಯಂತ್ರದಲ್ಲಿರಬೇಕು, ನಡುವೆ ಶೇರ್ಡ್ ಮೆಮೊರಿ ಬೇಕು. ನೆಟ್‌ವರ್ಕ್ ಡ್ರೈವ್‌ನಲ್ಲಿ ಅದು ನಡೆಯುವುದಿಲ್ಲ. ಫೈಲ್ ವೇ-ಬ್ರಿಡ್ಜ್ ಪಿಸಿಯಲ್ಲೇ ಇರಲಿ, ಆಫೀಸಿನವರಿಗೆ ಸಣ್ಣ ಸರ್ವಿಸ್ ಬರೆದು ಅದರ ಮೂಲಕ ಕೊಡಿ. ಕರೆಂಟ್ ಹೋಗುವ ಜಾಗವಾದ್ದರಿಂದ ಸಿಂಕ್ರೋನಸ್ ಸೆಟ್ಟಿಂಗ್ (ಡಿಸ್ಕಿಗೆ ಬಿದ್ದಿದೆಯೇ ಎಂದು ಖಚಿತ ಮಾಡಿಕೊಳ್ಳುವುದು) ಫುಲ್ ಇಡಿ. ನಾರ್ಮಲ್‌ನಲ್ಲಿ ಫೈಲ್ ಕೆಡುವುದಿಲ್ಲ, ಆದರೆ ಕೊನೆಯ ಒಂದೆರಡು ತೂಕದ ಚೀಟಿ ಹೋಗಬಹುದು.

ಪ್ರೋಗ್ರಾಮ್ ತೆರೆದಿರುವಾಗ ಬರೀ ಡಿಬಿ ಫೈಲ್ ಕಾಪಿ ಮಾಡಿದರೆ ಪಕ್ಕದ ವಾಲ್ ಫೈಲಿನಲ್ಲಿರುವ ಎಂಟ್ರಿ ಬರುವುದಿಲ್ಲ. ಹೊಸ ಫೈಲಿಗೆ ಪೂರ್ತಿ ನಕಲು ಬರೆಯುವ 'ವ್ಯಾಕ್ಯೂಮ್ ಇನ್‌ಟು' ಕಮಾಂಡ್ ಓಡಿಸಿ, ಎಸ್‌ಕ್ಯೂಲೈಟ್ 3.27 (2019) ಅಥವಾ ಮುಂದಿನದು ಬೇಕು. ಅದೇ ಹೆಸರಿನ ಫೈಲ್ ಆಗಲೇ ಇದ್ದರೆ ಎರರ್ ಕೊಡುತ್ತದೆ, ಆದ್ದರಿಂದ ಹೆಸರಿನಲ್ಲಿ ತಾರೀಖು ಸೇರಿಸಿ.