ಬಿಒಡಿ: ಬ್ಲ್ಯಾಂಕ್ ಬಾಟಲಿಯಲ್ಲೇ ಆಮ್ಲಜನಕ ಇಳಿಯುತ್ತಿದೆ, ತಪ್ಪೆಲ್ಲಿ?

ಕೆರೆಯಂಚು:
ಕೆರೆ ನೀರಿನ 5 ದಿನದ ಬಿಒಡಿ (ನೀರಿನ ಸೂಕ್ಷ್ಮಜೀವಿಗಳು ಎಷ್ಟು ಆಮ್ಲಜನಕ ಬಳಸುತ್ತವೆ ಎಂಬ ಪರೀಕ್ಷೆ) ಮಾಡುತ್ತಿದ್ದೇವೆ. 300 ಮಿ.ಲೀ. ಬಾಟಲಿ, 20 ಡಿಗ್ರಿ, ಕತ್ತಲೆ. ರಿಯೇಜೆಂಟ್ ತಲಾ 2 ಮಿ.ಲೀ. ಹಾಕಿ, 203 ಮಿ.ಲೀ. ತೆಗೆದು 0.025 ನಾರ್ಮಲ್ (ಸಾಂದ್ರತೆಯ ಅಳತೆ) ಥಯೋಸಲ್ಫೇಟಿನಿಂದ ಟೈಟ್ರೇಶನ್ (ಬಣ್ಣ ಹೋಗುವವರೆಗೆ ಹನಿಹನಿಯಾಗಿ ಸೇರಿಸಿ ಅಳೆಯುವುದು). ಕೆರೆ ನೀರು ಸೇರಿಸದ, ಬರೀ ಡೈಲ್ಯೂಷನ್ (ತೆಳುಗೊಳಿಸುವ) ನೀರಿನ ಬ್ಲ್ಯಾಂಕ್‌ನಲ್ಲಿ ಕರಗಿದ ಆಮ್ಲಜನಕ (ಡಿಒ) ಮೊದಲ ದಿನ ಲೀಟರಿಗೆ 9.1 ಮಿ.ಗ್ರಾಂ, ಐದನೇ ದಿನ 8.3. ಇಳಿಕೆ 0.2 ದಾಟಬಾರದಲ್ಲವೇ? ಜೊತೆಗೆ, ಕೆರೆ ನೀರಿನ ಟೈಟ್ರೇಶನ್‌ನಲ್ಲಿ ಸ್ಟಾರ್ಚಿನ ನೀಲಿ ಹೋಗಿ ಕೆಲವೇ ಸೆಕೆಂಡಿನಲ್ಲಿ ಮರಳುತ್ತಿದೆ.

ಹಳೇ ಬ್ಯುರೆಟ್:
ಎಲ್ಲರೂ ಮೊದಲು ನೀರನ್ನೇ ದೂರುತ್ತಾರೆ, ಬಹಳ ಸಲ ಅದೇ ನಿಜ. ಡಿಸ್ಟಿಲ್ಡ್ ನೀರಿನ ಕ್ಯಾನಿನೊಳಗೆ ಲೋಳೆ ಕಟ್ಟಿದ್ದರೆ, ಫಾಸ್ಫೇಟ್ ಬಫರಿನಲ್ಲಿ ಏನಾದರೂ ಬೆಳೆದಿದ್ದರೆ ಬ್ಲ್ಯಾಂಕ್ ಆಮ್ಲಜನಕ ತಿನ್ನುತ್ತದೆ. ಗಾಳಿ ಹಾಯಿಸುವ ಕೊಳವೆಯನ್ನೂ ನೋಡಿ. ಆದರೆ ಕ್ಯಾನ್ ಉಜ್ಜುವ ಮೊದಲು ಒಂದು ಮಾತು ಹೇಳಿ: ಎರಡೂ ದಿನ ಬಳಸಿದ್ದು ಒಂದೇ ಥಯೋಸಲ್ಫೇಟೇ?

ಕೆರೆಯಂಚು:
ಇಲ್ಲ. ಮೊದಲ ದಿನದ್ದು ಎರಡು ತಿಂಗಳ ಹಳೆಯದು. ಐದನೇ ದಿನ ಹೊಸದಾಗಿ ಮಾಡಿ ಸ್ಟ್ಯಾಂಡರ್ಡೈಸ್ ಮಾಡಿದೆವು (ನಿಜವಾದ ಸಾಂದ್ರತೆ ಪರೀಕ್ಷಿಸಿದೆವು), ಸರಿಯಾಗಿ 0.025. ಹಳೆಯದು ಸ್ವಲ್ಪ ಉಳಿದಿದೆ.

ಹಳೇ ಬ್ಯುರೆಟ್:
ಹಾಗಾದರೆ ಅದನ್ನು ಚೆಲ್ಲಬೇಡಿ. 150 ಮಿ.ಲೀ. ನೀರಿಗೆ 2 ಗ್ರಾಂ ಪೊಟ್ಯಾಸಿಯಂ ಅಯೋಡೈಡ್, ಸ್ವಲ್ಪ ಸಲ್ಫ್ಯೂರಿಕ್ ಆಮ್ಲ, 0.025 ನಾರ್ಮಲ್ ಡೈಕ್ರೋಮೇಟ್ (ಲೀಟರಿಗೆ 1.226 ಗ್ರಾಂ) 20 ಮಿ.ಲೀ. ಹಾಕಿ 5 ನಿಮಿಷ ಕತ್ತಲಲ್ಲಿಟ್ಟು ಆ ಹಳೆಯ ಥಯೋಸಲ್ಫೇಟಿನಿಂದ ಟೈಟ್ರೇಟ್ ಮಾಡಿ. ತಿಳಿಹಳದಿಗೆ ಬಂದ ಮೇಲೆಯೇ ಸ್ಟಾರ್ಚ್. ಕೊನೆಗೆ ತಿಳಿಹಸಿರು ಉಳಿಯುತ್ತದೆ, ಅದು ಕ್ರೋಮಿಯಂ ಬಣ್ಣ. ಅದನ್ನು ಕಳೆಯಲು ಹೋಗಿ ಹನಿ ಹೆಚ್ಚಿಸಬೇಡಿ.

ಕೆರೆಯಂಚು:
20ರ ಬದಲು 21.55 ಮಿ.ಲೀ. ಹಿಡಿಯಿತು.

ಹಳೇ ಬ್ಯುರೆಟ್:
ಅಂದರೆ ಹಳೆಯದು 0.0232 ನಾರ್ಮಲ್. ಶಕ್ತಿ ಕುಂದಿದ್ದರಿಂದ ಹೆಚ್ಚು ಹಿಡಿದು ಡಿಒ ಜಾಸ್ತಿ ತೋರಿಸಿತು. 9.1 × 0.0232 ÷ 0.025 = 8.44. ಅದರಲ್ಲಿ 8.3 ಕಳೆದರೆ ಇಳಿಕೆ ಬರೀ 0.14. ನಿಮ್ಮ ನೀರು ಚೆನ್ನಾಗಿಯೇ ಇದೆ! ಮೊದಲ ದಿನದ ಕೆರೆ ನೀರಿನ ಅಂಕಿಗಳನ್ನೂ ಹೀಗೆಯೇ ತಿದ್ದಿ, ಆಮೇಲೆ ಇಳಿಕೆ 2ಕ್ಕಿಂತ ಕಡಿಮೆ ಅಥವಾ ಉಳಿಕೆ 1ಕ್ಕಿಂತ ಕಡಿಮೆ ಇರುವ ಬಾಟಲಿಗಳನ್ನು ಕೈಬಿಡಿ. ಥಯೋಸಲ್ಫೇಟಿಗೆ ಲೀಟರಿಗೆ 0.4 ಗ್ರಾಂ ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ಕಂದು ಬಾಟಲಿಯಲ್ಲಿಟ್ಟರೆ ಹೆಚ್ಚು ದಿನ ತಡೆಯುತ್ತದೆ. ಆದರೂ ಪ್ರತಿ ಬ್ಯಾಚಿಗೆ ಸ್ಟ್ಯಾಂಡರ್ಡೈಸ್ ಮಾಡಲೇಬೇಕು.

ಪಾಚಿ:
ನೀಲಿ ಮರಳುವುದರ ಬಗ್ಗೆ. ಬಹಳ ಹೊತ್ತಿನ ನಂತರ ಬಂದರೆ ಅದು ಗಾಳಿಯ ಕೆಲಸ, ಬಿಟ್ಟುಬಿಡಿ. ತಕ್ಷಣ ಬಂದರೆ ನೈಟ್ರೈಟ್. ಆಮ್ಲದಲ್ಲಿ ಅದು ಅಯೋಡೈಡನ್ನು ಮತ್ತೆ ಅಯೋಡಿನ್ ಮಾಡುತ್ತಲೇ ಇರುತ್ತದೆ. ಅದನ್ನು ಕೊಲ್ಲಲೆಂದೇ ಕ್ಷಾರ-ಅಯೋಡೈಡ್ ದ್ರಾವಣಕ್ಕೆ (ನೀವು ಹಾಕುವ ರಿಯೇಜೆಂಟುಗಳಲ್ಲೊಂದು) ಲೀಟರಿಗೆ 10 ಗ್ರಾಂ ಸೋಡಿಯಂ ಅಜೈಡ್ ಸೇರಿಸುವುದು. ನಿಮ್ಮ ಬಾಟಲಿಯ ಲೇಬಲ್ ನೋಡಿ, ಅಜೈಡ್ ಇಲ್ಲದ್ದೇ ಇರಬೇಕು. ಅಜೈಡ್ ವಿಷ. ಆಮ್ಲ ತಗುಲಿದರೆ ವಿಷಾನಿಲ, ಸಿಂಕಿಗೆ ಸುರಿದರೆ ತಾಮ್ರ-ಸೀಸದ ಪೈಪಿನಲ್ಲಿ ಸ್ಫೋಟಕ ಲವಣ. ಉಳಿದದ್ದನ್ನು ಬೇರೆ ಡಬ್ಬಿಯಲ್ಲೇ ಸಂಗ್ರಹಿಸಿ.